ನೆರೆ ಇಳಿಯುವ ನಿಯಮವನ್ನು ದಯವಿಟ್ಟು ಮುದ್ರಿಸಬೇಡಿ

‘ದಂಡೆಯ ದೊರೆಗಳು’ ಎಂಬ ಮಹಾ ಆಟವನ್ನು ರಚಿಸಿ, ಪೆಟ್ಟಿಗೆಗೆ ತುಂಬಿ, ನಮ್ಮಂಥವರ ಮನೆಗೆ ಸಾಗಹಾಕಿ, ತಾವು ಮಾತ್ರ ನೆಮ್ಮದಿಯಾಗಿರುವ ಸಂಸ್ಥೆಯ ನಿಯಮಾವಳಿ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಸಿಬ್ಬಂದಿ ವರ್ಗಕ್ಕೂ, ಆ ಸಣ್ಣ ಸಣ್ಣ ಮರದ ತುಂಡುಗಳನ್ನು ಎಣಿಸಿ ಪೊಟ್ಟಣ ಕಟ್ಟುತ್ತಾ ಕಣ್ಣು ಮಂಜು ಮಾಡಿಕೊಂಡಿರಬಹುದಾದ ಕಾರ್ಮಿಕ ಬಂಧುಗಳಿಗೂ ನನ್ನ ಗೌರವಪೂರ್ವಕ ನಮಸ್ಕಾರಗಳು. ತಾವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವು ಅಷ್ಟು ಕ್ಷೇಮವಾಗಿರಲಿಲ್ಲ, ಅದಕ್ಕೆ ತಾವೇ ಕಾರಣರು ಎಂಬುದನ್ನು ಸವಿನಯವಾಗಿ ನಿವೇದಿಸಿಕೊಳ್ಳಲು ಈ ಪತ್ರ.

ನಾನು ಡ್ರೈವಿಂಗ್ ಶಾಲೆಯ ಬೋಧಕ. ಪಕ್ಕದ ಸೀಟಿನಲ್ಲಿ ಕುಳಿತು, ಕಾಲಡಿಯಲ್ಲಿ ಇನ್ನೊಂದು ಬ್ರೇಕ್ ಇಟ್ಟುಕೊಂಡು, ಅಪರಿಚಿತರ ಕೈಯಲ್ಲಿ ಜೀವ ಕೊಟ್ಟು ಹೊಟ್ಟೆ ಹೊರೆಯುವವನು. ಮೊದಲ ದಿನ ಬಂದವರೆಲ್ಲ ಸ್ಟೀರಿಂಗಿನ ಮುಂದಿರುವ ಮುಳ್ಳು, ದೀಪ, ಗುಂಡಿಗಳನ್ನು ಕಂಡು ಬೆವರುತ್ತಾರೆ. ಇವ್ಯಾವುದನ್ನೂ ನೋಡಬೇಡಿ, ಕಾಲಡಿ ಏನಿದೆ ನೋಡಿ, ಮಿಕ್ಕದ್ದು ದಾರಿಯಲ್ಲಿ ತಾನಾಗಿ ಬರುತ್ತದೆ ಎಂದು ಅವರಿಗೆಲ್ಲ ಬುದ್ಧಿ ಹೇಳುವ ನಾನೇ, ನನ್ನ ಮಗಳು ಕಾಲೇಜಿನ ಗೆಳತಿಯ ಮಾತು ಕೇಳಿ ತಮ್ಮ ಪೆಟ್ಟಿಗೆಯನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಬಿಚ್ಚಿದಾಗ, ಬೆವರೊರೆಸಿಕೊಂಡು ಸ್ನಾನಕ್ಕೆ ಹೋಗಿಬಿಟ್ಟೆ. ಬೋರ್ಡು ಮೇಜಿನ ಅಂಚು ದಾಟಿ ಹೊರಕ್ಕೆ ಚಾಚಿತ್ತು. ಧಾನ್ಯ, ದನ, ದೋಣಿ, ಕೋಟೆ ಎಂದು ಬಣ್ಣಬಣ್ಣದ ತುಂಡುಗಳ ರಾಶಿ ಬಿದ್ದಿತ್ತು. ಅದರಲ್ಲಿ ಯಾವುದಕ್ಕೂ ಸೇರದ ಉದ್ದನೆಯ ನೀಲಿ ಪಟ್ಟಿಗಳೂ ಇದ್ದವು. ಹೆಚ್ಚಿಗೆ ಕೊಟ್ಟಿದ್ದಾರೆ, ಧಾರಾಳಿಗಳು ಎಂದು ತಮ್ಮನ್ನು ಹೊಗಳಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಎರಡನ್ನು ಆನಿಸಿದೆವು.

ಇನ್ನು ನಿಯಮಗಳ ಪುಸ್ತಕ. ಅದು ಕಬ್ಬಿಣದ ಕಡಲೆ ಎಂದರೆ ಕಡಲೆಗೆ ಅವಮಾನ. ನನ್ನ ಹೆಂಡತಿ ಎರಡು ಪುಟ ಓದಿ, ಇದಕ್ಕಿಂತ ಮನೆಯ ಬೀರು ಜೋಡಿಸುವುದೇ ವಾಸಿ ಎಂದು ಎದ್ದಳು. ಆದರೆ ನಮ್ಮ ಅತ್ತೆ ಏಳಲಿಲ್ಲ. ಅವರು ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ನಿವೃತ್ತರಾದವರು. ಬದುಕಿನುದ್ದಕ್ಕೂ ತೀರ್ಪುಗಳನ್ನು ಟೈಪು ಮಾಡಿ ಮಾಡಿ, ಅಚ್ಚಾದದ್ದು ಮಾತ್ರ ಸತ್ಯ, ಬಾಯಿಮಾತು ಬರೀ ಗಾಳಿ ಎಂಬ ತೀರ್ಮಾನಕ್ಕೆ ಬಂದವರು. ಅಳಿಯನ ಮಾತೆಂದರೆ ಅವರಿಗೆ ಬಿರುಗಾಳಿ. ಕನ್ನಡಕ ಏರಿಸಿಕೊಂಡು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಕೊನೆಗೆ ಅವರು ಕೊಟ್ಟ ಸಾರಾಂಶ ಇಷ್ಟೇ: ನಿನ್ನ ಸರದಿ ಬಂದಾಗ ಒಂದೋ ಬಿತ್ತು, ಇಲ್ಲವೇ ಕಟ್ಟು, ಇಲ್ಲವೇ ಬೇರೆಯವರನ್ನು ಕೇಳಿ ಪಡೆದುಕೋ.

ಮಾನ್ಯರೇ, ಇಲ್ಲಿ ನನ್ನ ಮೊದಲ ದೂರು. ಇಷ್ಟು ಸರಳವಾದ ಆಟವನ್ನು ಅಷ್ಟು ಭಯಂಕರವಾಗಿ ಕಾಣುವಂತೆ ಮಾಡಲು ತಮಗೆ ಯಾರು ಹೇಳಿದರು? ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಹೇಳಿದ್ದನ್ನು ತಾವು ತಲೆಕೆಳಗು ಮಾಡಿದ್ದೀರಿ. ದೂರದಿಂದ ಕಲ್ಲುಮುಳ್ಳು, ಹತ್ತಿರ ಹೋದರೆ ನುಣ್ಣಗೆ. ಪೆಟ್ಟಿಗೆಯ ಮೇಲೆ ಕತ್ತಿ ಹಿರಿದ ಆ ಮೀಸೆಯ ದೊರೆಯ ಬದಲು ‘ಹೆದರಬೇಡಿ, ಕುಳಿತುಕೊಳ್ಳಿ’ ಎಂದು ದೊಡ್ಡಕ್ಷರದಲ್ಲಿ ಬರೆದಿದ್ದರೆ ನಾನು ಅಂದು ಸ್ನಾನಕ್ಕೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ.

ಎರಡನೆಯ ದೂರಿಗೆ ಬರುವ ಮುನ್ನ ನಮ್ಮ ಎದುರುಮನೆಯವರನ್ನು ಪರಿಚಯಿಸಬೇಕು. ನಮ್ಮದು ಮೂರನೇ ಮಹಡಿ. ಮೆಟ್ಟಿಲ ಬಳಿ ಎದುರುಬದುರಾಗಿ ಎರಡೇ ಬಾಗಿಲು. ನಮ್ಮ ಮನೆಯಲ್ಲಿ ಅವರಿಗೆ ‘ಎದುರ್ಬಾಗಿಲು’ ಎಂದೇ ಹೆಸರು, ಏಕೆಂದರೆ ಆ ಬಾಗಿಲು ದಢಾರೆಂದು ಮುಚ್ಚುವುದನ್ನು ಬಿಟ್ಟರೆ ಅವರ ಬಗ್ಗೆ ನಮಗೆ ಬೇರೇನೂ ತಿಳಿದಿರಲಿಲ್ಲ. ಯಾವುದೋ ಕಚೇರಿಯಲ್ಲಿ ಕೆಲಸ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥದ್ದೇ ಮುಖ. ನಾವು ಚಪ್ಪಲಿ ಗೂಡನ್ನು ಹೊರಗಿಟ್ಟದ್ದರಿಂದ ಮೊದಲಾದ ಜಗಳ, ಒದ್ದೆ ಛತ್ರಿಯಿಂದ ಬೆಳೆದು, ಆಗಲೇ ಎಣ್ಣೆ–ಸೀಗೆಕಾಯಿಯ ಹಂತ ತಲುಪಿತ್ತು. ಮೆಟ್ಟಿಲ ಮೇಲೆ ಎದುರಾದರೆ ಅವರು ಗೋಡೆ ನೋಡುತ್ತಿದ್ದರು, ನಾನು ನನ್ನ ಬೀಗದ ಕೈಗಳನ್ನು ಪರೀಕ್ಷಿಸುತ್ತಿದ್ದೆ.

ನಾವು ಆಟ ಶುರುಮಾಡಿದ ಮೊದಲ ಸಂಜೆ, ಅತ್ತೆಯವರು ಪುಸ್ತಕದ ಮಧ್ಯಭಾಗದ ಒಂದು ಸಾಲಿನ ಮೇಲೆ ಬೆರಳಿಟ್ಟು ನಿಂತರು. ತಮ್ಮ ಅನುವಾದಕರ ಆ ಅಮರ ವಾಕ್ಯವನ್ನು ಯಥಾವತ್ತಾಗಿ ಕೊಡುತ್ತಿದ್ದೇನೆ: ‘ನೆರೆಯು ಬಾಗಿಲಿಗೆ ಬಂದಲ್ಲಿ ಆಟಗಾರರೆಲ್ಲರೂ ತಮ್ಮ ಧಾನ್ಯದಲ್ಲಿ ಒಂದು ಪಾಲನ್ನು ಒಪ್ಪಿಸತಕ್ಕದ್ದು, ನೆರೆಯು ಹಿಂದಿರುಗುವವರೆಗೆ ಆಟವನ್ನು ನಿಲ್ಲಿಸತಕ್ಕದ್ದಲ್ಲ.’ ಇದೇನಿದು ಎಂದು ನಾವು ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಎದುರ್ಬಾಗಿಲಿನವರು. ದಾಳ ಉರುಳಿಸುವ ಸದ್ದು ವಿಪರೀತವಾಗಿದೆ, ತಮ್ಮ ಹೆಂಡತಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು, ಸಂಜೆ ಮಲಗುವುದೇ ಎರಡು ಗಳಿಗೆ ಎಂದು ಹೇಳಲು ಬಂದಿದ್ದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ನಾನು ತಕ್ಕ ಉತ್ತರ ಕೊಡಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಒಳಗಿನಿಂದ ಅತ್ತೆಯವರ ಆಜ್ಞೆ ಬಂತು:

“ನೆರೆ ಬಾಗಿಲಿಗೆ ಬಂದಿದೆ. ಒಳಗೆ ಕರೀರಿ, ಎಲ್ಲರೂ ಒಂದೊಂದು ಪಾಲು ಕೊಡಿ.”

ನೆರೆ ಎಂದರೆ ನೆರೆಮನೆಯವರು ಎಂದು ಅವರು ತೀರ್ಪು ಕೊಟ್ಟಾಗಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ. ಎದುರ್ಬಾಗಿಲಿನವರು ಪುಸ್ತಕದ ಸಾಲನ್ನು ತಾವೇ ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಅವರ ಕೈಗೆ ನಾಲ್ಕು ಪಾಲು ಧಾನ್ಯ ಬಂತು. ದಾಳದಡಿಗೆ ನನ್ನ ಹೆಂಡತಿ ದಪ್ಪನೆಯ ಟವೆಲು ಹಾಸಿದಳು, ಸದ್ದಿನ ಸಮಸ್ಯೆ ಅಲ್ಲಿಗೆ ಮುಗಿಯಿತು. ಚಪ್ಪಲಿ ಗೂಡಿನ ವಿಷಯ ಯಾರೂ ಎತ್ತಲಿಲ್ಲ.

ಮರುದಿನ ಸಂಜೆಯೂ ಅವರು ಬಾಗಿಲು ಬಡಿದರು, ಅದರ ಮರುದಿನವೂ. ನಿಯಮವಿದೆಯಲ್ಲ, ಬರದೆ ಹೇಗಿರಲಿ ಎಂಬಂತೆ ಗಂಭೀರವಾಗಿ ಬರುತ್ತಿದ್ದರು. ನಾವೂ ಅಷ್ಟೇ ಗಂಭೀರವಾಗಿ ಕಪ್ಪ ಒಪ್ಪಿಸುತ್ತಿದ್ದೆವು. ಎಲ್ಲರೂ ಒಂದೊಂದು ಪಾಲು ತಂದು ಸುರಿದರೆ ಗೆಲ್ಲದೆ ಇನ್ನೇನು ಮಾಡುತ್ತಾರೆ? ದಿನವೂ ಅವರೇ ದೊರೆ. ಆದರೂ ಮಾನ್ಯರೇ, ಸೋಲುವುದರಲ್ಲಿ ಇಷ್ಟು ಸುಖವಿದೆ ಎಂದು ನನಗೆ ತಿಳಿದಿರಲಿಲ್ಲ. ಕಾರು ನಡೆಸುವಾಗ ತಪ್ಪಿದರೆ ಗಾಜು ಒಡೆಯುತ್ತದೆ; ಇಲ್ಲಿ ತಪ್ಪಿದರೆ ಮರದ ಹಸುವೊಂದು ಪಕ್ಕದವರ ಹೊಲಕ್ಕೆ ಹೋಗುತ್ತದೆ, ನಾಳೆ ಕೇಳಿ ತರಬಹುದು. ನನ್ನ ಹೆಂಡತಿ ಎಷ್ಟು ದೂರಾಲೋಚನೆಯ ಹೆಂಗಸು ಎಂಬುದು, ಅವಳು ನನ್ನ ಕೋಟೆಯ ಸುತ್ತ ಸದ್ದಿಲ್ಲದೆ ಬೇಲಿ ಹಾಕಿದ ದಿನ ಗೊತ್ತಾಯಿತು. ಫೋನಿನಿಂದ ತಲೆಯೆತ್ತದ ಮಗಳು ಅಜ್ಜಿಯ ಜೊತೆ ಗುಟ್ಟಿನ ಒಪ್ಪಂದ ಮಾಡಿಕೊಂಡಳು. ಇಸ್ತ್ರಿ ಮುಖದವರು ಒಂದು ದಿನ ನನ್ನ ದೋಣಿಯನ್ನು ಮುಳುಗಿಸಿ ನಕ್ಕೇಬಿಟ್ಟರು. ಮನೆಮಂದಿಯನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿ, ಅವರವರ ಬುದ್ಧಿಯನ್ನು ಅವರವರಿಗೇ ತೋರಿಸಿಕೊಡುವ ಇಂಥ ಅಪಾಯಕಾರಿ ವಸ್ತುವನ್ನು ಯಾವ ಎಚ್ಚರಿಕೆಯೂ ಇಲ್ಲದೆ ಮಾರುತ್ತಿರುವುದು ನನ್ನ ಎರಡನೆಯ ದೂರು.

ಈಗ ಮುಖ್ಯ ವಿಷಯ. ತಾವು ಸುಮ್ಮನಿದ್ದಿದ್ದರೆ ಎಲ್ಲ ಚೆನ್ನಾಗಿತ್ತು. ಆದರೆ ತಮಗೆ ಎಲ್ಲಿಂದಲೋ ಕರ್ತವ್ಯಪ್ರಜ್ಞೆ ಉಕ್ಕಿ ಬಂದು, ಕೊಂಡವರಿಗೆಲ್ಲ ಅಂಚೆಯಲ್ಲಿ ಒಂದು ತಿದ್ದುಪಡಿ ಚೀಟಿ ಕಳುಹಿಸಿದಿರಿ. ಮಗಳು ಅದನ್ನು ಆಟದ ನಡುವೆಯೇ ಬಿಚ್ಚಿ ಓದಿದಳು. ನೆರೆ ಎಂದರೆ ಇಲ್ಲಿ ಪ್ರವಾಹ. ಬಾಗಿಲು ಎಂದರೆ ಅಣೆಕಟ್ಟಿನ ಬಾಗಿಲು. ಧಾನ್ಯ ಒಪ್ಪಿಸಬೇಕಾದದ್ದು ನದಿಗೆ. ಪೆಟ್ಟಿಗೆಯಲ್ಲಿರುವ ನೀಲಿ ಪಟ್ಟಿಗಳೇ ನೀರು. ಮಗಳಿಗೆ ನಗು ತಡೆಯಲಾಗಲಿಲ್ಲ, ನಮಗೂ ಬಂತು. ಎದುರ್ಬಾಗಿಲಿನವರು ಮಾತ್ರ ನಗಲಿಲ್ಲ. ತಮ್ಮ ಮುಂದಿದ್ದ ಧಾನ್ಯವನ್ನು ಒಂದೊಂದಾಗಿ ಎತ್ತಿ ನಮ್ಮ ನಮ್ಮ ಪಾಲಿಗೆ ಹಿಂದಿರುಗಿಸಿದರು.

“ನನಗೆ ಮೊದಲನೇ ದಿನಾನೇ ಗೊತ್ತಿತ್ತು,” ಅಂದರು. “ನಾನು ಕೆಲಸ ಮಾಡೋದು ನೆರೆ ನಿಯಂತ್ರಣ ಕಚೇರೀಲಿ. ಕಚೇರಿ ಬೋರ್ಡ್ ಮೇಲೇ ಇದೆ ಆ ಪದ. ಹೇಳಿದ್ರೆ ಎದ್ದು ಹೋಗ್ಬೇಕಾಗ್ತಿತ್ತಲ್ಲ ಅಂತ ಸುಮ್ಮನಿದ್ದೆ.”

ಅಷ್ಟು ಹೇಳಿ ಎದ್ದು ಹೋದರು. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡರು. ದಢಾರೆಂದಿದ್ದರೆ ನಮಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮರುದಿನ ಬರಲಿಲ್ಲ, ಆ ವಾರವೆಲ್ಲ ಬರಲಿಲ್ಲ. ನಾನು ಮೆಟ್ಟಿಲ ಮೇಲೆ ಕಾದು ನಿಂತು ಸಂಜೆ ಬನ್ನಿ ಎಂದರೆ, ನಿಯಮ ಬದಲಾಗಿದೆಯಲ್ಲ ಸಾರ್ ಎಂದು ಗೋಡೆ ನೋಡುತ್ತಾ ಹೋದರು. ಕಚೇರಿಯ ಮನುಷ್ಯ, ಲಿಖಿತ ಆಧಾರವಿಲ್ಲದೆ ಒಬ್ಬರ ಮನೆಗೆ ಹೋಗುವುದು ಅವರ ಜಾಯಮಾನದಲ್ಲೇ ಇಲ್ಲ. ನಾವು ನಾಲ್ವರೂ ಶಾಸ್ತ್ರೋಕ್ತವಾಗಿ ನೀಲಿ ಪಟ್ಟಿ ಇಟ್ಟು ಆಡಿದೆವು. ನಾನು ಗೆದ್ದೆ. ಅಷ್ಟು ಬೇಸರದ ಗೆಲುವನ್ನು ನಾನು ಕಂಡಿಲ್ಲ. ಅವರಿಲ್ಲದ್ದು ನನಗೆ ನಿಜವಾಗಿಯೂ ಬೇಜಾರಾಗಿತ್ತು, ಮಾನ್ಯರೇ. ವರ್ಷಗಟ್ಟಲೆ ಮುಖ ತಿರುಗಿಸಿದ್ದ ಮನುಷ್ಯನಿಗಾಗಿ ಹೀಗೆ ಬೇಜಾರು ಮಾಡಿಕೊಳ್ಳುವ ಸ್ಥಿತಿಗೆ ತಂದವರು ತಾವು.

ಭಾನುವಾರ ಸಂಜೆ ಅತ್ತೆಯವರು ದಾಳ ಉರುಳಿಸಿದರು. ಎರಡರಲ್ಲೂ ಒಂದು ಬಿತ್ತು. ತಮ್ಮ ಚೀಟಿಯ ಪ್ರಕಾರ ಅದೇ ನೆರೆ. ಅವರು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು, ಹಿಂಬದಿಯ ಸಣ್ಣಕ್ಷರದ ಸಾಲನ್ನು ಎರಡು ಸಲ ಓದಿದರು: ‘ನೆರೆ ಬಂದಾಗ ಆಟಗಾರರು ತಮ್ಮ ಜನ, ಧಾನ್ಯ, ದನಕರುಗಳ ಸಮೇತ ಎದುರು ದಂಡೆಗೆ ತೆರಳಿ ಆಶ್ರಯ ಕೋರತಕ್ಕದ್ದು.’ ಓದಿ ಮುಗಿಸಿ, ಎದ್ದು ನಿಂತು, ಸೆರಗು ಸಿಕ್ಕಿಸಿಕೊಂಡು, ಇಡೀ ಬೋರ್ಡನ್ನು ಅದರ ಮೇಲಿನ ಕೋಟೆಕೊತ್ತಲಗಳ ಸಮೇತ ಎರಡೂ ಕೈಯಲ್ಲಿ ಎತ್ತಿದರು. ಎಲ್ಲಿಗೆ ಎಂದು ನಾನು ಕೇಳಿದ್ದಕ್ಕೆ, ಓದಲು ಬರುವುದಿಲ್ಲವೇ ಎಂಬಂತೆ ನನ್ನತ್ತ ನೋಡಿದರು. ಹೆಂಡತಿ ಒಂದು ಅಂಚು ಹಿಡಿದಳು, ಮಗಳು ಇನ್ನೊಂದು. ಒಂದು ಹಸು ಹೊಸ್ತಿಲ ಬಳಿ ಬಿತ್ತು. ಅದನ್ನು ಹೆಕ್ಕಿಕೊಂಡು ನಾನು ಹಿಂದೆ ಹೋದೆ. ಕೈ ಖಾಲಿಯಿಲ್ಲದ ಅತ್ತೆಯವರು ಎದುರ್ಬಾಗಿಲನ್ನು ಮೊಣಕಾಲಿನಿಂದ ಬಡಿದರು.

ಬಾಗಿಲು ತೆರೆದವರು ಆ ನರ್ಸಮ್ಮ. ಅಂದು ಅವರಿಗೆ ವಾರದ ರಜೆ. ಅವರ ಬೆನ್ನ ಹಿಂದೆ, ಇಸ್ತ್ರಿಯಿಲ್ಲದ ಬನಿಯನ್ನಿನಲ್ಲಿ, ಗಂಡ.

“ನೆರೆ ಬಂದಿದೆ,” ಅಂದರು ಅತ್ತೆ. “ಒಳಗೆ ಬಿಡಿ.”

ನರ್ಸಮ್ಮ ಬೋರ್ಡನ್ನು ನೋಡಿದರು, ನಮ್ಮನ್ನು ನೋಡಿದರು, ತಿರುಗಿ ಗಂಡನ ಮುಖ ನೋಡಿದರು. ಆ ಮುಖದಲ್ಲಿ ಅವರಿಗೇನು ಕಂಡಿತೋ, ಬಾಗಿಲನ್ನು ಪೂರ್ತಿ ತೆರೆದು, ಆಸ್ಪತ್ರೆಯಲ್ಲಿ ಕೇಳುವ ಅದೇ ದನಿಯಲ್ಲಿ ಕೇಳಿದರು:

“ಎಲ್ಲರೂ ಬಂದ್ರಾ? ಯಾರೂ ಹಿಂದೆ ಉಳಿದಿಲ್ಲ ತಾನೆ?”

ಇಲ್ಲ ಎಂದೆ. ಸಾಕ್ಷಿಗೆ ಕೈಲಿದ್ದ ಹಸುವನ್ನು ಎತ್ತಿ ತೋರಿಸಿದೆ. ಎದುರ್ಬಾಗಿಲಿನವರು ತಮ್ಮ ಮೇಜಿನ ಮೇಲಿದ್ದ ಕಾಗದಪತ್ರ, ಗಾಜಿನ ಲೋಟಗಳನ್ನು ಎರಡೂ ತೋಳಿನಿಂದ ಬಾಚಿ ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಆಮೇಲೆ ಸರದಿ ಯಾರದು ಎಂದು ಕೇಳಿದರು.

ಬೋರ್ಡು ಇನ್ನೂ ಅಲ್ಲೇ ಇದೆ. ಏಕೆಂದರೆ ನೆರೆ ಇಳಿದ ಮೇಲೆ ಆಟಗಾರರು ಏನು ಮಾಡತಕ್ಕದ್ದು ಎಂಬುದನ್ನು ತಾವು ಎಲ್ಲಿಯೂ ಮುದ್ರಿಸಿಲ್ಲ, ಮುದ್ರಿಸದ ಕಾರಣ ನೆರೆ ಇಳಿದಿಲ್ಲ ಎಂಬುದು ಅತ್ತೆಯವರ ಇತ್ತೀಚಿನ ತೀರ್ಪು. ದಿನವೂ ಸಂಜೆ ನರ್ಸಮ್ಮ ಎದ್ದ ಮೇಲೆ ನಾವು ಸಂತ್ರಸ್ತರು ಹೊಸ್ತಿಲು ದಾಟಿ ಹೋಗುತ್ತೇವೆ. ಹೀಗಿರುವಾಗ, ಉಳಿದ ಎಲ್ಲ ಗೊಂದಲಗಳನ್ನೂ ನಿವಾರಿಸುವ ಎರಡನೆಯ ತಿದ್ದುಪಡಿ ಚೀಟಿ ಸಿದ್ಧವಾಗುತ್ತಿದೆ ಎಂದು ತಾವು ಪ್ರಕಟಿಸಿರುವುದನ್ನು ಓದಿ ನಮ್ಮ ಎರಡೂ ಮನೆಗಳು ತಲ್ಲಣಿಸಿವೆ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಆ ಚೀಟಿಯನ್ನು ಅಚ್ಚಿಗೆ ಕಳುಹಿಸದೆ, ಆಗಲೇ ಅಚ್ಚಾಗಿದ್ದರೆ ಅಂಚೆಗೆ ಹಾಕದೆ, ಅಂಚೆಗೂ ಹಾಕಿಯಾಗಿದ್ದರೆ ನಮ್ಮ ಮನೆಯ ವಿಳಾಸವನ್ನಾದರೂ ತಪ್ಪಾಗಿ ಬರೆದು, ಗೊಂದಲಗಳು ಇದ್ದಲ್ಲೇ ಇರುವಂತೆ ಕಾಪಾಡಬೇಕೆಂದು ಕೈಮುಗಿದು ಪ್ರಾರ್ಥಿಸುತ್ತೇನೆ. ನನ್ನ ಹತ್ತಿರ ಗಾಡಿ ಕಲಿಯಲು ಬರುವವರಿಗೆಲ್ಲ ತಮ್ಮ ಆಟದ ಹೆಸರು ಹೇಳುತ್ತಿದ್ದೇನೆ. ನೋಡಿ ಹೆದರಬೇಡಿ, ಒಮ್ಮೆ ಕೂತು ನೋಡಿ, ನಿಯಮ ಅರ್ಥವಾಗದಿದ್ದರೆ ಇನ್ನೂ ಒಳ್ಳೆಯದು ಎನ್ನುತ್ತಿದ್ದೇನೆ.

ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಇರಲಿ. ತಾವು ಕೊಟ್ಟದ್ದಕ್ಕೆ ಹೋಲಿಸಿದರೆ ಇದು ಅತ್ಯಲ್ಪ.

ಇತಿ, ಎದುರು ದಂಡೆಯಲ್ಲಿ ಆಶ್ರಯ ಪಡೆದಿರುವ
ತಮ್ಮ ವಿಶ್ವಾಸಿ,
ಮೂರನೇ ಮಹಡಿಯ ಡ್ರೈವಿಂಗ್ ಬೋಧಕ

ಮರೆತ ವಿಷಯ: ನಿಯಮಗಳನ್ನು ಕನ್ನಡಕ್ಕೆ ತಂದ ಆ ಅನುವಾದಕರನ್ನು ತಾವು ಕೆಲಸದಿಂದ ತೆಗೆದಿದ್ದೀರೆಂದು ಕೇಳಿದೆ. ದಯವಿಟ್ಟು ಮರಳಿ ಕರೆಸಿಕೊಳ್ಳಿ. ಸರಿಯಾಗಿ ಬರೆಯುವವರು ತಮ್ಮ ಕಚೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಬರೆದ ಒಂದೇ ಒಂದು ಚೀಟಿಯಿಂದ ನಾವು ಒಂದು ವಾರ ಯಾರೊಡನೆಯೂ ಜಗಳವಿಲ್ಲದೆ, ಸೋಲಿಲ್ಲದೆ, ನಮ್ಮ ನಮ್ಮ ಮನೆಯಲ್ಲಿ ನೆಟ್ಟಗೆ ಕುಳಿತಿದ್ದೆವು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ನಮ್ಮ ಅತ್ತೆ ಟೈಪು ಮಾಡಿದ ಯಾವ ತೀರ್ಪಿನಲ್ಲೂ ಕಂಡಿಲ್ಲವಂತೆ.