ಸಾವಿರಕ್ಕೆ ಅರವತ್ತೊಂಬತ್ತು ಕಡಿಮೆ

ಲೆಕ್ಕದ ಮಾಸ್ತರನಿಗೆ ನಿವೃತ್ತಿ ಕೊಡುವ ಅಧಿಕಾರ ಸರಕಾರಕ್ಕೆ ಇದೆ. ಅವನೊಳಗಿನ ಲೆಕ್ಕಕ್ಕೆ ನಿವೃತ್ತಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಸಂಶಿಯ ಹೈಸ್ಕೂಲಿನಿಂದ ಹಾರ ಹಾಕಿಸಿಕೊಂಡು ಹೊರಬಿದ್ದ ಮೇಲೆ ನಾನು ಕಿರಾಣಿ ಅಂಗಡಿಯ ತಕ್ಕಡಿಯನ್ನೂ, ಹಾಲಿನವಳ ಮಾಪನ್ನೂ, ಮನೆಯಾಕೆ ಸಾರಿಗೆ ಹಾಕುವ ಉಪ್ಪನ್ನೂ ತಪಾಸಣೆ ಮಾಡತೊಡಗಿದೆ. ಆ ಮೂರೂ ಕಡೆ ನನಗೆ ಸಿಕ್ಕ ಮರ್ಯಾದೆಯ ವಿವರ ಇಲ್ಲಿ ಬೇಡ.

ನಮ್ಮ ಭಜನಾ ಮಂಡಳಿಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವುದು ನನ್ನ ಈಗಿನ ಉದ್ಯೋಗ. ಹಾಡು ಹೆಚ್ಚಾಗಿ ಅದರ ಹೊಟ್ಟೆ ಉಬ್ಬಿದಾಗ, ಕುಂದಗೋಳದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಅಳಿಯ ಶಿವಾನಂದ ಹುಬ್ಬಳ್ಳಿಯಿಂದ ಒಂದು ಹಾರ್ಡ್ ಡಿಸ್ಕ್ ತಂದುಕೊಟ್ಟ. ಡಬ್ಬಿಯ ಮೇಲೆ ಒಂದು ಟಿಬಿ, ಎಂದರೆ ಸಾವಿರ ಜಿಬಿ, ಎಂದಿತ್ತು. ಜೋಡಿಸಿದರೆ ಪರದೆಯ ಮೇಲೆ 931. ತೆಗೆದು ಮತ್ತೆ ಜೋಡಿಸಿದೆ, 931. ವಾಯರಿನ ತುದಿಯನ್ನು ಧೋತರದ ಚುಂಗಿನಿಂದ ಒರೆಸಿದೆ. ಕಂಪ್ಯೂಟರನ್ನೇ ಆರಿಸಿ, ಅದಕ್ಕೂ ನನಗೂ ಸಮಾಧಾನವಾಗಲೆಂದು ಊಟ ಮಾಡಿ ಬಂದು ಹಚ್ಚಿದೆ. 931. ಇನ್ನೂ ಒಂದು ಹಾಡೂ ಒಳಗೆ ಹೋಗಿಲ್ಲ, ಅರವತ್ತೊಂಬತ್ತು ಜಿಬಿ ಮಾಯ.

ತಂದವನು ಅಳಿಯ. ಅಳಿಯ ತಂದುಕೊಟ್ಟದ್ದನ್ನು ಅಳೆದು ನೋಡುವ ಪದ್ಧತಿ ನಮ್ಮ ಕಡೆ ಇಲ್ಲ. ಆದ್ದರಿಂದ ಸಂಗತಿಯನ್ನು ಪರಮ ಗುಟ್ಟಾಗಿ ಚಹಾದಂಗಡಿಯಲ್ಲಿ ಹೇಳಿದೆ. ಕೇಳಿಸಿಕೊಂಡವರು ಊರ ಹೊಲಗಳ ಲೆಕ್ಕ ಬರೆದು ನಿವೃತ್ತರಾದ ತಲಾಠಿ ಗುರುಪಾದಪ್ಪ. ಅವರು ಕಣ್ಣು ಮುಚ್ಚಿ ಯೋಚಿಸಿ, ಅದು ಖರಾಬು ಜಾಗ ಇರಬೇಕೆಂದು ತೀರ್ಪಿತ್ತರು. ಹೊಲದ ಉತಾರದಲ್ಲಿ ಹಳ್ಳ, ಒಡ್ಡು ಎಂದು ಉಳುಮೆಗೆ ಬಾರದ ಗುಂಟೆಗಳನ್ನು ಕಳೆಯುವುದಿಲ್ಲವೇ, ಹಾಗೆ. ಡಿಸ್ಕಿನೊಳಗೆ ಹಳ್ಳ ಎಲ್ಲಿಂದ ಬಂತು ಎಂದು ಕೇಳಿದೆ.

"ಹಂಗಾರ ತಂದವರನ್ನ ಕೇಳ್ರಿ," ಎಂದು ಕಪ್ಪು ಕೆಳಗಿಟ್ಟು ಎದ್ದರು.

ಸಂಜೆಯ ಬಸ್ಸಿಗೆ ಸುದ್ದಿ ಕುಂದಗೋಳ ಮುಟ್ಟಿತು. ಮರುದಿನದಿಂದ ರೈತರು ಶಿವಾನಂದನ ಅಂಗಡಿಯಲ್ಲಿ ಹೊಲಿಗೆ ಬಿಚ್ಚದ ಗೊಬ್ಬರದ ಚೀಲಗಳನ್ನೂ ತೂಗಿಸತೊಡಗಿದರಂತೆ. ಮಾವನಿಗೇ ಕಡಿಮೆ ಕೊಟ್ಟವನು ನಮ್ಮನ್ನು ಬಿಟ್ಟಾನೆಯೇ ಎಂಬುದು ಅವರ ತರ್ಕ. ತರ್ಕದಲ್ಲಿ ದೋಷವಿರಲಿಲ್ಲ, ಬಹಳ ಮಂದಿ ನನ್ನ ಕೈಯಲ್ಲೇ ಕಲಿತವರು. ಕೆಲವರಂತೂ ತೂಗುವ ಶ್ರಮವೂ ಬೇಡವೆಂದು ಬಾಜೂ ಅಂಗಡಿಗೆ ಹೋದರು. ನಾಗರಪಂಚಮಿಗೆ ಕರೆಯಲು ಫೋನು ಮಾಡಿದರೆ, ಅಂಗಡಿಯ ಗದ್ದಲದಲ್ಲಿ ಈ ಸಲ ಯಾರೂ ಬರಲಾಗದು ಎಂದು ಅಳಿಯ ಮಗಳ ಬಾಯಿಂದ ಹೇಳಿಸಿದ. ಹಬ್ಬದ ಉಂಡಿ ಕಟ್ಟುತ್ತಿದ್ದ ಮನೆಯಾಕೆ ಕೈ ನಿಲ್ಲಿಸಿದಳು.

"ಮಗಳ ಸಂಸಾರದಾಗ ತಕ್ಕಡಿ ಹಿಡದ್ರಿ. ಈಗ ನೀವ ಹೋಗಿ ತೂಗಿ ಬರ್ರಿ."

ಹೆಂಡತಿಯ ಮಾತಿನಿಂದ ಬುದ್ಧಿ ಚುರುಕಾಗುತ್ತದೆ. ಡಿಸ್ಕಿನ ಪೂರ್ತಿ ವಿವರವನ್ನು ತೆರೆದು ನೋಡಿದೆ. ಒಂದೇ ಸಾಲಿನಲ್ಲಿ ಎರಡು ಸಂಖ್ಯೆಗಳು: ಬೈಟುಗಳಲ್ಲಿ ಲಕ್ಷ ಕೋಟಿ, ಜಿಬಿಯಲ್ಲಿ 931. ಆಗ ಹೊಳೆಯಿತು. ಡಿಸ್ಕು ಮಾಡಿದವನ ಕಿಲೋ ಸಾವಿರದ್ದು. ಕಂಪ್ಯೂಟರಿನ ಕಿಲೋ ಸಾವಿರದ ಇಪ್ಪತ್ತನಾಲ್ಕರದ್ದು. ಬೈಟಿನಿಂದ ಕಿಲೋ, ಮೆಗಾ, ಜಿಬಿ ಎಂದು ಮೂರು ಮೆಟ್ಟಿಲು; ಲಕ್ಷ ಕೋಟಿಯನ್ನು 1024ರಿಂದ ಮೂರು ಸಲ ಭಾಗಿಸಿದೆ, ಬಂದದ್ದು 931. ಕಾಳು ಅಷ್ಟೇ ಇತ್ತು, ಅಳೆಯುವ ಸೇರು ದೊಡ್ಡದಾಗಿತ್ತು.

ಗುರುಪಾದಪ್ಪನವರನ್ನೂ ಕರೆದುಕೊಂಡು ಅಳಿಯನ ಅಂಗಡಿಗೆ ಹೋದೆ. ಬೀಜದ ದರ ಬರೆಯುವ ಹಲಗೆಯನ್ನು ಒರೆಸಿ, ನೆರೆದ ಗಿರಾಕಿಗಳೆದುರು ಭಾಗಾಕಾರವನ್ನು ಆಮೂಲಾಗ್ರವಾಗಿ ಮಾಡಿ ತೋರಿಸಿದೆ. ಕೊನೆಗೆ ಗುರುಪಾದಪ್ಪನವರು ಗಂಟಲು ಸರಿಪಡಿಸಿಕೊಂಡರು.

"ಕಿಲೋ ಅಂದ್ರ ಸಾವಿರ ಅಂತ ನಮ್ಮೂರ ಹುಡುಗರಿಗೆ ಛಡಿಲೆ ಹೊಡದು ಕಲಿಸಿದ್ರಿ ಮಾಸ್ತರ್ರ. ಅಳಿಯಾಗ ಅಡಚಣಿ ಬಂದಕೂಡ್ಲೆ ಇಪ್ಪತ್ನಾಲ್ಕು ಹೆಚ್ಚಾತಲ್ರಿ."

ಅಂಗಡಿ ತುಂಬ ನಗೆ. ಆದರೆ ಅದು ಅಪಹಾಸ್ಯವಲ್ಲ, ಮೆಚ್ಚುಗೆ. ಅಳಿಯನ ಮಾನಕ್ಕಾಗಿ ಗಣಿತವನ್ನೇ ಬಲಿಕೊಟ್ಟ ಮಾವನನ್ನು ಅವರು ಹಿಂದೆ ಕಂಡಿರಲಿಲ್ಲ. ಇಂಥ ಮಾವನ ಅಳಿಯ ತೂಕದಲ್ಲಿ ಮೋಸ ಮಾಡಲಿಕ್ಕಿಲ್ಲವೆಂದು ಚೀಲಗಳನ್ನು ತೂಗಿಸದೆ ಹೊತ್ತುಕೊಂಡು ಹೋದರು. ನನ್ನ ಲೆಕ್ಕವನ್ನು ಒಬ್ಬನೂ ನಂಬಲಿಲ್ಲ.

ಶಿವಾನಂದ ಬಸ್ ನಿಲ್ದಾಣದ ತನಕ ಬಂದ. ಪಂಚಮಿಗೆ ಇಬ್ಬರೂ ಬರುತ್ತೇವೆಂದ. ಬಸ್ಸು ಹತ್ತುವಾಗ ನನ್ನ ಕೈ ಹಿಡಿದುಕೊಂಡು, ದನಿ ತಗ್ಗಿಸಿ, "ಮಾವಾರ, ನನ್ನ ಸಲುವಾಗಿ ನೀವು ಅಷ್ಟ ದೊಡ್ಡ ಸುಳ್ಳು ಹೇಳಬಾರದಿತ್ತರಿ," ಎಂದ. ಅವನ ಕಣ್ಣು ತುಂಬಿತ್ತು.

ತಿದ್ದಲು ಬಾಯಿ ತೆರೆದೆ. ಮನೆಯಲ್ಲಿ ಕಟ್ಟುವುದು ನಿಂತಿದ್ದ ಉಂಡಿಗಳು ನೆನಪಾದವು. ಇರಲಿ ಬಿಡಪ್ಪಾ ಎಂದೆ. ತಪ್ಪು ಉತ್ತರಕ್ಕೆ ನಾನು ಪೂರ್ತಿ ಅಂಕ ಕೊಟ್ಟದ್ದು ಜನ್ಮದಲ್ಲಿ ಅದೊಂದೇ ಸಲ.