ಏಣಿಯ ನಡುವೆ ಒಂದು ತಲೆ

ಏಣಿಯನ್ನು ತಂದ ಮನೆಗೇ ವಾಪಸ್ ಕೊಟ್ಟಿದ್ದರೆ ಆ ಭಾನುವಾರ ಗಡಿಯಾರ ರಿಪೇರಿಯವನಿಗೆ ಯಾವ ಕಷ್ಟವೂ ಬರುತ್ತಿರಲಿಲ್ಲ.

ಜಗಳವೆಂದರೆ ಅವನು ಬೆಕ್ಕು ಕಂಡ ಇಲಿ. ಬೀದಿಯಲ್ಲಿ ದನಿ ಏರಿದರೆ ಇವನ ಅಂಗಡಿಯ ಬಾಗಿಲು ಇಳಿಯುತ್ತಿತ್ತು. ಅದಕ್ಕೇ ಬೀದಿಯವರು ಅವನನ್ನು ಶಾಂತಿದೂತ ಅಂತ ಕರೆಯುತ್ತಿದ್ದರು. ಅಂದು ಬೆಳಿಗ್ಗೆ ಬೇಕರಿಯವನ ಮನೆಯಿಂದ ಏಣಿ ತಂದು, ಚರ್ಚಿನ ಗೋಡೆಗೆ ಗಡಿಯಾರ ತೂಗುಹಾಕಿ, ಆರಾಧನೆಗೆ ಕೂತ.

ಪಾದ್ರಿಗಳು ಹೇಳಿದರು: "ಜಗಳ ಕಂಡು ಕದ ಹಾಕಿಕೊಳ್ಳೋನು ಸಮಾಧಾನ ಮಾಡೋನಲ್ಲ, ತನ್ನ ಚರ್ಮ ಉಳಿಸಿಕೊಳ್ಳೋನು. ಯೇಸು ದೂರ ನಿಂತು ಬುದ್ಧಿ ಹೇಳಲಿಲ್ಲ. ನಡುವೆ ಬಂದು ನಿಂತ, ಏಟು ತಾನು ತಿಂದ."

ಇದು ತನಗೇ ಹೇಳಿದ್ದು ಅನ್ನಿಸಿ ಅವನು ತಲೆ ತಗ್ಗಿಸಿದ.

ಏಣಿ ಕೊಡಲು ಹೋದರೆ ಬೇಕರಿಯವನ ಮನೆಗೆ ಬೀಗ. ಎದುರು ಮನೆಯಲ್ಲಿ ಅವನ ತಮ್ಮ, ಗೋಡೆಗೆ ಬಣ್ಣ ಬಳಿಯುವವನು.

"ಇಲ್ಲೇ ಒರಗಿಸಿ ಹೋಗಿ, ನಾವೇನು ಹೊರಗಿನವರಾ?" ಅಂದಳು ತಮ್ಮನ ಹೆಂಡತಿ. ಇಲ್ಲ ಅನ್ನುವುದು ಇವನ ನಾಲಿಗೆಗೆ ಗೊತ್ತೇ ಇರಲಿಲ್ಲ. ಒರಗಿಸಿ ಬಂದ.

ಅದು ಆ ಅಣ್ಣತಮ್ಮಂದಿರ ಅಪ್ಪನ ಏಣಿ. ಅಪ್ಪ ಸತ್ತ ಮೇಲೆ ಅದು ಯಾರಿಗೆ ಸೇರಬೇಕೆಂದು ಶುರುವಾದ ಮಾತು, ಮಾತೇ ಇಲ್ಲದಲ್ಲಿಗೆ ಬಂದು ನಿಂತಿತ್ತು. ಎದುರಾದರೆ ಇಬ್ಬರೂ ಕಾಗೆ ಎಣಿಸುವವರಂತೆ ಆಕಾಶ ನೋಡುತ್ತಿದ್ದರು.

ಊಟಕ್ಕೆ ಕೂರುವಷ್ಟರಲ್ಲಿ ಬೇಕರಿಯವನು ಬಾಗಿಲಲ್ಲಿದ್ದ. "ಅವನ ಅಂಗಳದಲ್ಲಿ ಇಟ್ಟಿದ್ದು ನೀವು. ನೀವೇ ತನ್ನಿ."

ತಮ್ಮನ ಹತ್ತಿರ ಓಡಿದರೆ, "ಬೇಕಾದ್ರೆ ಅವನೇ ಬಂದು ಕೇಳಲಿ. ಅಪ್ಪ ನನಗೂ ಅಪ್ಪನೇ," ಅಂದು ಊಟಕ್ಕೆ ಎದ್ದುಹೋದ.

ಇದೇ ಸಮಯ ಅಂತ ಶಾಂತಿದೂತ ಏಣಿಯ ಮೆಟ್ಟಿಲುಗಳ ನಡುವೆ ತಲೆ ತೂರಿಸಿ, ಅದನ್ನು ಹೆಗಲ ಮೇಲೆ ಹೊತ್ತು ಹೊರಟ. ತಿರುಗುವಾಗ ಏಣಿಯ ಹಿಂಬದಿ ಪಕ್ಕದ ಮನೆಯ ಒಗೆದ ಬಟ್ಟೆಯನ್ನೆಲ್ಲ ಗುಡಿಸಿಕೊಂಡು ಬಂತು. ಪಕ್ಕದ ಮನೆಯಾಕೆಯ ಕೂಗಿಗೆ ತಮ್ಮ ಎಂಜಲು ಕೈಯಲ್ಲೇ ಓಡಿಬಂದು ಹಿಂದಿನ ತುದಿ ಹಿಡಿದ. ಮುಂದಿನ ತುದಿಯನ್ನು ಎದುರು ಮನೆಯಿಂದ ಬಂದ ಬೇಕರಿಯವನು ಹಿಡಿದ. ಒಬ್ಬರು ಎಳೆದರೆ ಇವನು ಮುಂದಕ್ಕೆ, ಇನ್ನೊಬ್ಬರು ಎಳೆದರೆ ಹಿಂದಕ್ಕೆ. ಗಡಿಯಾರದ ಲೋಲಕದಂತೆ.

"ಬಲಗಡೆ ತಿರುಗಿ," ಅಂದರು ಒಬ್ಬರು. "ಅಯ್ಯೋ, ಎಡಗಡೆ," ಅಂದರು ಇನ್ನೊಬ್ಬರು. ಬೀದಿಯೇ ಸೇರಿತ್ತು.

"ರೀ, ತಗ್ಗಿ ಹೊರಗೆ ಬನ್ನಿ," ಅಂದಳು ಶಾಂತಿದೂತನ ಹೆಂಡತಿ.

ಅಷ್ಟೇ ಸಾಕಿತ್ತು. ತಗ್ಗಲು ಮೊಣಕಾಲು ಆಗಲೇ ಬಾಗಿತ್ತು. ಆಗ ಅಣ್ಣನ ಎತ್ತಿದ ಕೈ ಕಾಣಿಸಿತು. ತಿರುಗಿದರೆ ತಮ್ಮನ ಕೈಯೂ ಮುಷ್ಟಿಯಾಗಿತ್ತು. ಅವನು ಮತ್ತೆ ನೆಟ್ಟಗೆ ನಿಂತ.

"ಬರಲ್ಲ," ಅಂದ. "ನಾನು ಹೊರಗೆ ಬಂದ್ರೆ ಇವರಿಬ್ಬರ ನಡುವೆ ಯಾರೂ ಇರಲ್ಲ."

ಆ ಮಾತು ತನ್ನ ಬಾಯಿಂದಲೇ ಬಂತೇ ಅಂತ ಅವನಿಗೇ ನಂಬಿಕೆ ಬರಲಿಲ್ಲ. ಅಣ್ಣ ಸಿಟ್ಟಿನಲ್ಲಿ ಜೋರಾಗಿ ಎಳೆದ. ಮರ ಕತ್ತನ್ನು ತರಚಿತು. ಭಾನುವಾರದ ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು. ಅವನು ಕದಲಲಿಲ್ಲ.

"ಅಣ್ಣ, ನಿಧಾನ," ಅಂದ ತಮ್ಮ. "ಅವರ ಕತ್ತಿಗೆ ತಾಗ್ತಿದೆ."

ಬಲಗಡೆಯವರೂ ಎಡಗಡೆಯವರೂ ಬಾಯಿ ಮುಚ್ಚಿದರು. ಎಷ್ಟೋ ವರ್ಷ ಯಾರೂ ಕೇಳದ ಆ 'ಅಣ್ಣ' ಎಂಬ ಮಾತು ಇವನ ತಲೆಯ ಮೇಲಿಂದ ದಾಟಿಹೋಗಿತ್ತು. ಬೇಕರಿಯವನ ಎತ್ತಿದ ಕೈ ಕೆಳಗಿಳಿಯಿತು. "ನೀನು ಆ ಕಡೆ ಎತ್ತು, ತಮ್ಮ. ಈ ಕಡೆ ನಾನು ಹಿಡೀತೀನಿ," ಅಂದ. ಮಗುವನ್ನು ಎತ್ತುವಷ್ಟು ಮೆಲ್ಲಗೆ ಇಬ್ಬರೂ ಏಣಿ ಎತ್ತಿದರು. ಇವನಿಗೆ ನೋವು ತಿಳಿಯಲಿಲ್ಲ. ತನಗಿಂತ ಬಹಳ ದೊಡ್ಡವರು ಯಾರೋ ಪಕ್ಕದಲ್ಲೇ ನಿಂತಿದ್ದಂತೆ ಅನ್ನಿಸಿ, ಉಸಿರಾಡುವುದಕ್ಕೂ ಹಿಂಜರಿದ.

ಸಂಜೆ ಹೆಂಡತಿ ಮುಲಾಮು ಹಚ್ಚುತ್ತಿದ್ದಳು.

"ನಾನೇನೂ ಮಾಡ್ಲಿಲ್ಲ ಕಣೇ, ಸುಮ್ಮನೆ ನಿಂತಿದ್ದೆ."

"ಓಡಿಹೋಗದೆ ನಿಂತ್ರಲ್ಲ," ಅಂದಳು ಆಕೆ. ಅವಳ ಕಣ್ಣು ತುಂಬಿತ್ತು.

ಹೊರಗೆ ದನಿ ಏರಿತು.

"ಅಪ್ಪನ ಏಣಿ ಇನ್ಮೇಲೆ ನಿನ್ನ ಮನೇಲೇ ಇರಬೇಕು."

"ಹಿರಿಯ ನೀನಿರೋವಾಗ ನನ್ನ ಮನೇಲಾ? ಸುಮ್ಮನೆ ತಗೊಂಡು ಹೋಗು."

"ಹೋಗಲ್ಲ ಅಂದ್ರೆ ಹೋಗಲ್ಲ."

ಪಕ್ಕದ ಮನೆಯಾಕೆ ಬಾಗಿಲು ಬಡಿದಳು. "ಬೇಗ ಬನ್ನಿ. ನೀನೇ ಇಟ್ಕೋ, ನೀನೇ ಇಟ್ಕೋ ಅಂತ ಇಬ್ಬರೂ ಕೊರಳಪಟ್ಟಿ ಹಿಡಿದಿದ್ದಾರೆ."

ಶಾಂತಿದೂತ ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಬಾಗಿಲು ತೆರೆದ.