ಮೀನಿನ ಪರಿಚಯವಿಲ್ಲದ ಹುಡುಗಿ

ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ನಮಗೆ ಕಲಿಸಲು ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೂ ಬಂದೇ ಬರುತ್ತಾರೆ, ಬಂದವರು ಒಂದಲ್ಲ ಒಂದು ತಮಾಷೆ ಬಿಟ್ಟೇ ಹೋಗುತ್ತಾರೆ. ಬೈಂದೂರು ಕಡೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ಟೀಚರ್. ಕಿಟಕಿ ತೆರೆದರೆ ಕಡಲು. ಇಷ್ಟು ವರ್ಷದಲ್ಲಿ ನಕ್ಕದ್ದಕ್ಕೆ ಲೆಕ್ಕವಿಲ್ಲ. ಇಲ್ಲಿ ಹೇಳುವುದು ಮಾತ್ರ ಒಂದೇ ವರ್ಷದ ಸಂಗತಿಗಳನ್ನು. ನೆನೆದರೆ ನಗು ಬರುತ್ತದೆ, ಅದರ ಹಿಂದೆಯೇ ಹೊಟ್ಟೆ ಉರಿಯುತ್ತದೆ.

ಆ ವರ್ಷ ನನ್ನ ಐದನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವರು. ಹುಡುಗಿಯ ಹೆಸರು ಎರಡು ವರ್ಷದಿಂದ ಓದಲು ಬಾರದವರ ಪಟ್ಟಿಯಲ್ಲಿತ್ತು. ಶಾಲೆ ಶುರುವಾದ ವಾರವೇ ತಾಯಿ ಬಂದು ಹೇಳಿದರು:

"ಟೀಚರ್, ಈ ಸಲವೂ ಆ ಪಟ್ಟಿಯೊಳ್ಗ್ ಹೆಸ್ರ್ ಬಂದ್ರೆ ಶಾಲಿ ಸಾಕ್. ಬೆಂಗ್ಳೂರಲ್ಲಿ ನನ್ ತಂಗಿ ಮನಿಯೊಳ್ಗ್ ಸಣ್ಣ್ ಮಗು ಇತ್ತ್. ಅದ್ನ ಕಂಡ್ಕಂಡ್ ಇದ್ ಅಲ್ಲೇ ಇರ್ಲಿ."

"ಈ ವರ್ಷ ಓದಿಸ್ತೆ, ನೀವೇ ಕಾಣಿ" ಎಂದು ನಾನು ಮಾತು ಕೊಟ್ಟೆ.

೧. ಹತ್ತು ನಿಮಿಷ

ಮಳೆಗಾಲದಲ್ಲಿ ಕುಂದಾಪುರದಲ್ಲಿ ನಮಗೊಂದು ತರಬೇತಿ. ವಿಷಯ, 'ಪರಿಣಾಮಕಾರಿ ಕಲಿಕೆ'. ಆ ಹುಡುಗಿಗೆ ದಾರಿಯೇನಾದರೂ ಸಿಗಬಹುದೆಂದು ಹೊಸ ನೋಟ್‌ಬುಕ್ ಹಿಡಿದು ಮುಂದಿನ ಸಾಲಿನಲ್ಲೇ ಕೂತೆ. ತರಬೇತಿ ಕೊಡಲು ಬಂದವರು ಮೊದಲಿಗೇ ಹೇಳಿದರು: "ಹತ್ತು ನಿಮಿಷಕ್ಕಿಂತ ಹೆಚ್ಚು ಭಾಷಣ ಮಾಡಿದರೆ ಮಕ್ಕಳ ತಲೆಗೆ ಏನೂ ಹೋಗುವುದಿಲ್ಲ." ಎಷ್ಟು ಒಳ್ಳೆಯ ಮಾತು ಎಂದು ಬರೆದುಕೊಂಡೆ. ಆಮೇಲೆ ಅವರು ಇದೇ ಮಾತನ್ನು ವಿವರಿಸಲು ಹೊರಟು, ಊಟದ ಬಿಡುವು ಕಳೆದು, ಸಂಜೆ ನಾಲ್ಕರವರೆಗೆ ಭಾಷಣ ಮಾಡಿದರು. ಕೊನೆಯಲ್ಲಿ, "ಈಗ ಇವತ್ತು ಕಲಿತದ್ದನ್ನು ಯಾರಾದರೂ ಹೇಳಿ" ಎಂದರು.

ಬ್ರಹ್ಮಾವರದ ಕಡೆಯ ಒಬ್ಬರು ಹಿರಿಯ ಮಾಷ್ಟ್ರು ಹಿಂದಿನ ಬೆಂಚಿನಿಂದ ಎದ್ದು ನಿಂತರು. "ನೀವ್ ಹೇಳಿದ್ದ್ ಸಮ ಸರ್. ಹತ್ತ್ ನಿಮಿಷದ್ ಮೇಲೆ ಎಂತದೂ ನೆನ್ಪಿಲ್ಲೆ."

೨. ಮೀನು

ನಂತರ ಶಾಲೆಗೆ ಚಿತ್ರದ ಕಾರ್ಡುಗಳು ಬಂದವು. ಎಲ್ಲೋ ಕೂತವರು ಯಾರೋ ಬರೆಸಿದ ಚಿತ್ರಗಳು. ಅವನ್ನು ಮಕ್ಕಳಿಗೆ ತೋರಿಸಿ ಪರೀಕ್ಷೆ ಮಾಡಲು ಒಬ್ಬರು ಅಧಿಕಾರಿಯೂ ಬಂದರು. ಘಟ್ಟದ ಮೇಲಿನವರು, ಒಳ್ಳೆಯ ಮನುಷ್ಯರೇ. ಒಂದು ಕಾರ್ಡ್ ಎತ್ತಿ ಕೇಳಿದರು: "ಇದು ಏನು?"

ಉತ್ತರ 'ಮೀನು' ಎಂದಾಗಬೇಕು. ಒಬ್ಬ "ಬಂಗ್ಡಿ" ಎಂದ. ಇನ್ನೊಬ್ಬ, "ಬಂಗ್ಡಿ ಎಂತಕೆ, ಬೈಗಿ ಅಲ್ದಾ!" ಎಂದ. ತರಗತಿಯಲ್ಲಿ ಗಲಾಟೆ ಎದ್ದಿತು. ಬರೀ ಮೀನು ಎನ್ನುವುದು ನಮ್ಮ ಮಕ್ಕಳಿಗೆ ಉತ್ತರವೇ ಅಲ್ಲ, ಯಾವ ಮೀನು ಎಂದು ಹೇಳಬೇಕು. ಅಧಿಕಾರಿ ಒಂದೊಂದಕ್ಕೂ ತಪ್ಪು ಹಾಕುತ್ತಾ ನನ್ನ ಹುಡುಗಿಯ ಹತ್ತಿರ ಬಂದರು. ಅವಳು ಕಾರ್ಡನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ವಾಪಸು ಕೊಟ್ಟಳು.

"ಇಂಥದ್ ಇಲ್ಲೆ ಸರ್. ಕಣ್ಣ್ ಬಂಗ್ಡಿದ್, ಬಾಲ ಅಂಜಲಿನ್ದ್. ಚಿತ್ರ ಬರ್ದರಿಗೆ ಮೀನ್ ಗೊತ್ತಿಲ್ಲೆ."

ಅಧಿಕಾರಿ ಅವಳ ಹೆಸರಿನ ಮುಂದೆ ಬರೆದರು: 'ಮಗುವಿಗೆ ಮೀನಿನ ಪರಿಚಯವಿಲ್ಲ.'

೩. ಶುದ್ಧ ಕನ್ನಡ

ಆ ದಿನ ನನಗೆ ಬುದ್ಧಿ ಬಂತು. ಅವಳಿಗೆ ಬಾರದೇ ಇದ್ದದ್ದು ಓದಲ್ಲ, ಪುಸ್ತಕದ ಮಾತು. ಮರುದಿನದಿಂದ ಅವಳು ಬಾಯಲ್ಲಿ ಹೇಳಿದ್ದನ್ನೇ ಬೋರ್ಡಿನ ಮೇಲೆ ಬರೆಯತೊಡಗಿದೆ. 'ನಾನ್ ಮನಿಗ್ ಹೋತೆ.' ತನ್ನ ಮಾತು ಬೋರ್ಡಿನ ಮೇಲೆ ಕಂಡದ್ದೇ ಹುಡುಗಿಯ ಕಣ್ಣು ಅರಳಿತು. ಅದರ ಕೆಳಗೆ ಪುಸ್ತಕದ ಸಾಲು ಬರೆದೆ, 'ನಾನು ಮನೆಗೆ ಹೋಗುತ್ತೇನೆ.' ಪ್ರತಿದಿನ ಬೆಳಿಗ್ಗೆ ಪುಸ್ತಕ ಮುಚ್ಚಿಸಿ ನಿನ್ನೆಯದನ್ನು ನೆನಪು ಮಾಡಿ ಹೇಳಿಸುತ್ತಿದ್ದೆ, ತಪ್ಪಿದರೆ ಮಾತ್ರ ಪುಸ್ತಕ ತೆರೆಯಬೇಕು. ದಸರಾ ರಜೆಯ ಹೊತ್ತಿಗೆ ಅವಳು ಹೊಸ ಪಾಠವನ್ನೂ ತಾನೇ ಓದುತ್ತಿದ್ದಳು. ನನ್ನ ಖುಷಿಗೆ ಮಿತಿಯಿರಲಿಲ್ಲ.

ಒಂದು ದಿನ ನಮ್ಮ ಹೆಡ್‌ಮಾಷ್ಟ್ರು ಬಾಗಿಲಲ್ಲಿ ನಿಂತು ಬೋರ್ಡು ನೋಡಿದರು. ಮುಖ ಕೆಂಪಾಯಿತು.

"ಎಂತ ಟೀಚರ್ ಇದ್? ಒರ್ಸಿ ಕಾಂಬ! ಶಾಲಿಯೊಳ್ಗ್ ಶುದ್ಧ ಕನ್ನಡವೇ ಇರ್ಕ್ ಅಂದೇಳಿ ನಾನ್ ಎಷ್ಟ್ ಸಲ ಹೇಳುದ್ ನಿಮ್ಗೆ?"

೪. ಓದುವ ಪರೀಕ್ಷೆ

ವರ್ಷದ ಕೊನೆಗೆ ಅದೇ ಅಧಿಕಾರಿ ಮತ್ತೆ ಬಂದರು. ಈ ಸಲ ಓದಿಸಿ ನೋಡುವ ಪರೀಕ್ಷೆ. ಇದರಲ್ಲಿ ತಪ್ಪಿದವರ ಹೆಸರು ಆ ಪಟ್ಟಿಗೆ. ಪುಸ್ತಕದಲ್ಲಿ ಇದ್ದದ್ದು 'ತಂದೆ ಮನೆಗೆ ಬರುತ್ತಾರೆ' ಎಂದು. ಹುಡುಗಿ ಸಾಲಿನ ಮೇಲೆ ಬೆರಳಿಟ್ಟು, ಒಂದು ಚೂರೂ ಹೆದರದೆ ಓದಿದಳು: "ಅಪ್ಪಯ್ಯ ಮನಿಗ್ ಬತ್ರ್."

"ಪುಸ್ತಕದಲ್ಲಿ ಇದ್ದದ್ದು ಓದಮ್ಮ" ಎಂದರು ಅಧಿಕಾರಿ.

"ಇಪ್ಪುದನ್ನೇ ಓದಿದ್ದ್ ಸರ್."

"ಇಲ್ಲಿ ತಂದೆ ಅಂತ ಇದೆಯಲ್ಲ?"

"ತಂದೆ ಅಂದ್ರೆ ಅಪ್ಪಯ್ಯ ಅಲ್ದಾ ಸರ್? ನಿಮ್ ಬದಿಯಲ್ಲಿ ಅವ್ರ್ ಬೇರೆ ಬೇರೆಯಾ?"

ನಾನು ಮಧ್ಯೆ ಬಾಯಿ ಹಾಕಿದೆ. ಅವಳಿಗೆ ಅಕ್ಷರವೂ ಗೊತ್ತು, ಅರ್ಥವೂ ಆಗಿದೆ, ಅರ್ಥವಾದದ್ದರಿಂದಲೇ ಹಾಗೆ ಹೇಳಿದ್ದು ಎಂದು ಕೈಮುಗಿಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಅವರು ಫಾರಂ ತೋರಿಸಿದರು. "ಅರ್ಥಕ್ಕೆ ಇದರಲ್ಲಿ ಕಾಲಂ ಇಲ್ಲ ಮೇಡಂ."

ಮುಂದಿನ ಸರದಿ ಅಂಗಡಿಯವರ ಮಗನದು. ಅವನು ಬೇರೆ ಯಾವುದೋ ಪುಟ ತೆರೆದು ಹಿಡಿದು, ಇಡೀ ಪಾಠವನ್ನು ಉಸಿರು ಬಿಡದೆ ಬಾಯಿಪಾಠ ಒಪ್ಪಿಸಿದ. ಅವನಿಗೆ 'ಅತ್ಯುತ್ತಮ'. ಹೊರಗೆ ಬಂದಾಗ ನಾನು ಅವನನ್ನು ಕೇಳಿದೆ: "ತಂದೆ ಅಂದ್ರೆ ಯಾರಾ?"

"ಅದ್ ಪರೀಕ್ಷೆಗ್ ಇಲ್ಲೆ ಟೀಚರ್."

೫. ಕಾಗದ

ಹದಿನೈದು ದಿನಕ್ಕೆ ಹುಡುಗಿಯ ಮನೆಗೆ ಕಾಗದ ಹೋಯಿತು: 'ತಮ್ಮ ಮಗಳು ಓದುವ ಸಾಮರ್ಥ್ಯವನ್ನು ಗಳಿಸಿರುವುದಿಲ್ಲವಾದ್ದರಿಂದ ಪರಿಹಾರ ಬೋಧನೆಯ ತರಗತಿಗೆ ಕಡ್ಡಾಯವಾಗಿ ಕಳುಹಿಸತಕ್ಕದ್ದು.' ತಾಯಿ ಅದನ್ನು ಹಿಡಿದುಕೊಂಡು, ಮಗಳನ್ನೂ ಕರೆದುಕೊಂಡು ಬಂದರು.

"ಟಿ.ಸಿ. ಕೊಡಿ ಟೀಚರ್. ನಿಮ್ ಮಗ್ಳಿಗೆ ಓದುಕ್ ಬತ್ತಿಲ್ಲೆ ಅಂದೇಳಿ ಬರ್ದಿದ್ರ್."

"ಹಾಂಗ್ ಬರ್ದಿದ್ರ್ ಅಂದೇಳಿ ನಿಮ್ಗ್ ಯಾರ್ ಹೇಳಿದ್ದ್?" ಎಂದೆ. ತಾಯಿಗೆ ಓದು ಬಾರದೆಂದು ನನಗೆ ಗೊತ್ತಿತ್ತು.

"ಇದೇ ಓದಿ ಹೇಳಿತ್" ಎಂದು ತಾಯಿ ಮಗಳ ತಲೆಯ ಮೇಲೆ ಕೈಯಿಟ್ಟರು. "ಒಂದಕ್ಷರ ತಡವರ್ಸಿಲ್ಲೆ."

"ಹಂಗಾರೆ ಓದುಕ್ ಬತ್ತ್ ಅಲ್ದಾ ಮಾರಾಯ್ರೆ ಅದ್ಕೆ!"

"ನಂಗೂ ಹಂಗೇ ಕಂಡ್ತ್ ಟೀಚರ್" ಎಂದರು ತಾಯಿ, ಸ್ವಲ್ಪ ನಾಚಿಕೆಯಿಂದ. "ಆದ್ರೆ ಕಾಣಿ, ಸೀಲ್ ಹಾಕಿದ್ರಲೆ."

ಸೀಲಿನ ಎದುರು ನನ್ನ ಮಾತು ಯಾವ ಲೆಕ್ಕ? ಬೇಡಿಕೊಂಡೆ, ಗದರಿದೆ, ಅತ್ತದ್ದೂ ಹೌದು. ಹುಡುಗಿ ಗೋಡೆಯ ಮೇಲಿನ ಮಧ್ಯಾಹ್ನದ ಊಟದ ಪಟ್ಟಿಯನ್ನು ತುಟಿ ಅಲುಗಿಸುತ್ತಾ ಓದುತ್ತಿದ್ದಳು. ಹೆಡ್‌ಮಾಷ್ಟ್ರು ಟಿ.ಸಿ. ಬರೆಯತೊಡಗಿದರು. ಬೇರೇನೂ ತೋಚದೆ ನಾನು ತಾಯಿಯನ್ನು ಹೆದರಿಸಿ ನೋಡಿದೆ: ಬೆಂಗಳೂರು ಅಷ್ಟು ದೊಡ್ಡ ಊರು, ಅಂಗಡಿಗೆಂದು ಹೊರಗೆ ಹೋದ ಮಗು ದಾರಿ ತಪ್ಪಿದರೆ ಏನು ಮಾಡುತ್ತೀರಿ?

ತಾಯಿ ನನ್ನ ಕೈ ಹಿಡಿದುಕೊಂಡು ಸಮಾಧಾನ ಮಾಡಿದರು.

"ಆ ಹೆದ್ರಿಕಿ ಎಂತದೂ ಇಲ್ಲೆ ಟೀಚರ್. ಬಸ್ಸಿನ್ ಬೋರ್ಡ್ ಎಲ್ಲ ಓದುಕ್ ಬತ್ತ್ ಅದ್ಕೆ. ನೀವೇ ಕಲ್ಸಿದ್ದ್ ಅಲ್ದಾ?"